ಹಳೇ ಪುಸ್ತಕ ಒಗೀಬ್ಯಾಡ್ರಿ, ಮೊದಲು ಇಸವಿ ನೋಡ್ರಿ

ಮೊನ್ನೆ ನಮ್ಮಕ್ಕನ ಮಗಳು ಮನಿಗೆ ಬಂದಾಕಿ ಮಾರಿ ಸಣ್ಣದು ಮಾಡ್ಕೊಂಡು ಕೂತ್ಲು. ಕೈಯಾಗ ಕಾಲೇಜ್ ಲೈಬ್ರರಿದೊಂದು ದಪ್ಪ ಪುಸ್ತಕ. ಜ್ಯಾಂಗೊ ಕಲಿಸೂದು, 2017ರಾಗ ಅಚ್ಚಾಗಿದ್ದು. "ಮೌಶಿ, ಒಂದೊಂದು ಅಕ್ಷರ ನೋಡಿ ಹೊಡದೇನಿ, ಆದ್ರೂ ನಡ್ಯೂದಿಲ್ಲ. ಕೋಡಿಂಗ್ ನನ್ನ ಹಣೇಬರಹದಾಗ ಬರದಿಲ್ಲ ಬಿಡು" ಅಂದ್ಲು. ಮೂರು ದಿವಸದಿಂದ ಇದ ಗುದ್ದಾಟ ನಡದಿತ್ತಂತ.

ಬೆಂಗಳೂರಾಗ ಐಟಿ ಕೆಲಸ ಮಾಡೋ ನಮ್ಮ ಮೈದುನ ಫೋನ್‌ನಾಗ ತೀರ್ಪು ಕೊಟ್ಟ: "ಆ ಹಳೇ ಪುಸ್ತಕ ರದ್ದಿಗೆ ಹಾಕ್ರಿ ವೈನಿ, ಈಗ ಎಲ್ಲಾ ವಿಡಿಯೋದಾಗ ಸಿಗ್ತದ." ನನ್ನ ಸಿಟ್ಟು ಈ ಮಾತಿನ ಮ್ಯಾಲೇ ಅದ.

ತಪ್ಪು ಹುಡುಗೀದಲ್ಲ. ಪುಸ್ತಕದಾಗ "ಪಿಪ್ ಇನ್‌ಸ್ಟಾಲ್ ಜ್ಯಾಂಗೊ" ಅಂತ ಇಷ್ಟ ಬರದದ. ಬರದ ಹೊತ್ತಿನಾಗ ಆ ಮಾತಿಗೆ ಆಗಿನ ಆವೃತ್ತಿ ಬರ್ತಿತ್ತು, ಇವತ್ತ ಅದನ್ನ ಹೇಳಿದ್ರ ಇವತ್ತಿಂದು ಬರ್ತದ. ಆಗ ಒಂದು ಟೇಬಲ್‌ನ ಇನ್ನೊಂದಕ್ಕ ಜೋಡಿಸೂದಕ್ಕ ಅದರ ಹೆಸರು ಕೊಟ್ರ ಸಾಕಿತ್ತು. 2017ರ ಡಿಸೆಂಬರ್‌ದಾಗ ಬಂದ 2.0ದಿಂದ, ಮೂಲದ ಸಾಲು ಅಳಿಸಿದ್ರ ಜೋಡಿದ್ದು ಏನಾಗಬೇಕು ಅಂತಲೂ ಹೇಳಲೇಬೇಕು. ಇಲ್ಲಂದ್ರ ಎರರ್. ಅದನ್ನ ಹುಡುಗಿ ಹೆಂಗೋ ಸರಿಮಾಡಿದ್ಲು. ಮುಂದಿನ ಅಧ್ಯಾಯಕ್ಕ ಹೋದ್ರ ಅಲ್ಲಿ ಹೇಳಿದ 'ಯುಆರ್‌ಎಲ್' ಫಂಕ್ಷನ್ನ ಇಲ್ಲ, 2021ರ 4.0ದಾಗ ತಗದ ಬಿಟ್ಟಾರ. ಒಂದು ಕಡೆ ತ್ಯಾಪಿ ಹಚ್ಚಿದ್ರ ಇನ್ನೊಂದು ಕಡೆ ಹರೀತದ.

ನಮ್ಮತ್ತಿಯವರ ವಹಿಯಾಗ ಚಕ್ಕಲಿ ಲೆಕ್ಕ ಸೇರು, ಪಾವಿನಾಗ ಅದ. ಸೇರಿಗೂ ಒಂದು ಕಪ್ಪು, ಪಾವಿಗೂ ಒಂದು ಕಪ್ಪು ಹಾಕಿ ಚಕ್ಕಲಿ ಕೆಡಿಸ್ಕೊಂಡ್ರ ವಹಿ ಒಲಿಗೆ ಹಾಕ್ತೀರೇನು? ಅಟ್ಟದ ಮ್ಯಾಲಿನ ಪಾವು ಇಳಸ್ತೀರಿ.

ನಾವೂ ಹಂಗ ಮಾಡಿದ್ವಿ. ಮೊದಲು ಜ್ಯಾಂಗೊ ಒಂದನ್ನ ಹಿಂದಕ್ಕ ಒಯ್ದ್ವಿ, 1.11ಕ್ಕ. ನಡೀಲಿಲ್ಲ! ಯಾಕಂದ್ರ ಲ್ಯಾಪ್‌ಟಾಪ್‌ನಾಗ ಪೈಥಾನ್ 3.12 ಇತ್ತು, 1.11ಕ್ಕ 2.7 ಇಲ್ಲಾ 3.4ರಿಂದ 3.7ರ ತನಕದ್ದು ಬೇಕು. ಭಾಳ ಮಂದಿ ಸೋಲೂದು ಇಲ್ಲೇ. ಒಂದನ್ನ ಹಿಂದ ಸರಿಸಿದ್ರ ಅದರ ಜೋಡಿನೂ ಸರೀಬೇಕು. ಯಾವುದಕ್ಕ ಯಾವುದು ಕೂಡ್ತದ ಅಂತ ಜ್ಯಾಂಗೊದವರ ಪಟ್ಟಿ ಕೊಟ್ಟಾರ. ಪೈಥಾನ್‌ನವರೂ ಹಳೇವೆಲ್ಲ ಜ್ವಾಪಾನ ಮಾಡಿ ಇಟ್ಟಾರ. 3.6.8 ಇಳಿಸಿಕೊಂಡು, ವೆನ್ವ್ ಅಂತ ಬ್ಯಾರೆ ಖೋಲಿ ಮಾಡಿ, ಅದರಾಗ ಎರಡು ಸಮ ಚಿಹ್ನಿ ಹಾಕಿ 1.11.29 ಅಂತ ಕೇಳಿದ್ವಿ. ಲ್ಯಾಪ್‌ಟಾಪ್‌ನ ಹೊಸಾ ಪೈಥಾನ್‌ಗೆ ಏನೂ ಧಕ್ಕಿ ಆಗಲಿಲ್ಲ. ರಾತ್ರಿ ಊಟದೊಳಗ ಆಕಿ ಮೊದಲನೇ ಪುಟ ತೆರೀತು.

"ಹಳೇದು ಕಲ್ತು ಏನ್ ಮಾಡೂದು?" ಅಂತೀರಿ. ಮಾಡೆಲ್, ವ್ಯೂ, ಟೆಂಪ್ಲೇಟ್ ಅನ್ನೋ ಬುನಾದಿ ಇವತ್ತಿಗೂ ಅದ ಅದ. ಅದು ತಲ್ಯಾಗ ಕೂತ ಮ್ಯಾಲೆ, ಬದಲಾದದ್ದರ ಪಟ್ಟಿ ಓದಿ ಹೊಸಾದಕ್ಕ ಬರ್ಲಿಕ್ಕೆ ಭಾಳ ದಿವಸ ಬ್ಯಾಡ. ಒಂದು ಮಾತು ಖರೆ. 1.11ಕ್ಕ ಭದ್ರತೆಯ ರಿಪೇರಿ 2020ರಾಗ ನಿಂತದ, ಅದಕ್ಕ ಮನ್ಯಾಗ ಕಲೀರಿ, ಇಂಟರ್ನೆಟ್ಟಿಗೆ ಏರಿಸಬ್ಯಾಡ್ರಿ.

ನನ್ನ ಜಗಳ ಪುಸ್ತಕ ಬರಿಯೋರ ಜೊತಿನೂ ಅದ. ಐನೂರು ಪುಟ ಬರೀತೀರಿ, ಆವೃತ್ತಿ ನಂಬರು ಆ ಕಮಾಂಡಿನ ಮಗ್ಗಲಿಗೆ ಬರಿಲಿಕ್ಕೆ ಏನು ಗಂಟು ಹೋಗ್ತದ? ಕೆಲವರು ಬರೀತಾರ, ಯಾರೂ ಓದದ ಮುನ್ನುಡಿಯೊಳಗ. ಅಲ್ಲೂ ಇಲ್ಲಂದ್ರ ಅಚ್ಚಾದ ಇಸವಿ ನೋಡ್ರಿ. ಬರದದ್ದು ಅದಕ್ಕಿಂತ ಮೊದಲು, ಹಂಗಾಗಿ ಆ ವರ್ಷದ್ದು ಇಲ್ಲಾ ಹಿಂದಿನ ವರ್ಷದ ಆವೃತ್ತಿಯಿಂದ ಹುಡುಕಾಟ ಸುರು ಮಾಡ್ರಿ.

ಹಳೇ ಪುಸ್ತಕ ಯಾರ ಕೈಯಾಗ ಇರ್ತಾವ ಹೇಳ್ರಿ? ಹೊಸಾದು ಕೊಳ್ಳಲಿಕ್ಕಾಗದ ಹುಡುಗರ ಕೈಯಾಗ. ಎರರ್ ಬಂದಾಗ ಅವರು ಆವೃತ್ತಿಗೆ ಬೈಯೂದಿಲ್ಲ, ತಮ್ಮನ್ನ ತಾವು ದಡ್ಡರು ಅನ್ಕೋತಾರ. ರದ್ದಿಗೆ ಹಾಕ್ರಿ ಅನ್ನೋರಿಗೆ ಇದು ಕಾಣೂದಿಲ್ಲ.

ನಮ್ಮ ಹುಡುಗಿ ಪುಸ್ತಕ ವಾಪಸ್ ಕೊಡೂ ಮುಂದ ಮೊದಲನೇ ಹಾಳಿ ಮ್ಯಾಲೆ ಪೆನ್ಸಿಲ್‌ಲೆ ಬರದಾಳ: ಪೈಥಾನ್ 3.6, ಜ್ಯಾಂಗೊ 1.11. ಲೈಬ್ರರಿ ಪುಸ್ತಕದಾಗ ಬರೀಬಾರದು ಅಂತ ನಾ ಬೈಲಿಲ್ಲ.