ಕೀಲುಬಾವು ಬಂದರೆ ಹೊಟ್ಟೆಯನ್ನೂ ವಿಚಾರಿಸಿ

ನಮ್ಮ ಹಿರೇಕೆರೂರು ಕಡೆ ಎಲ್ಲ ಕೀಲುನೋವಿಗೂ ಒಂದೇ ಹೆಸರು, "ವಾಯು ಆಗೇತಿ." ಔಷಧವೂ ಒಂದೇ, ಅಂಗಡಿಯಿಂದ ತಂದ ನೋವಿನ ಗುಳಿಗೆ. ಈ ರೂಢಿ ಬಿಡಬೇಕು ಎಂಬುದು ನನ್ನ ವಾದ. ನಾನು ಡಾಕ್ಟರ್ ಅಲ್ಲ, ಗೋವಿನಜೋಳ ಬೆಳೆದು ನಾಲ್ಕು ದನ ಕಟ್ಟಿದ ರೈತ.

ದುಡಿದು ಸವೆದ ಮಣಕಾಲಿನ ನೋವು ಬೇರೆ, ಬಾವು ಬರುವ ಸಂಧಿವಾತ ಬೇರೆ. ಮೊದಲನೆಯದು ಕೆಲಸ ಮಾಡಿದಷ್ಟೂ ಹೆಚ್ಚು, ಕೂತರೆ ಕಡಿಮೆ. ಎರಡನೆಯದರಲ್ಲಿ ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳ ಗೆಣ್ಣು, ಮಣಿಕಟ್ಟು ಬಿಗಿದುಕೊಂಡಿರುತ್ತವೆ. ಸಡಿಲಾಗಲು ಅರ್ಧ-ಒಂದು ತಾಸು ಬೇಕು. ಇದು ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಕಳೆ ತೆಗೆಯುವ, ಹಾಲು ಹಿಂಡುವ, ರೊಟ್ಟಿ ಬಡಿಯುವ ಕೈಗಳೇ ಸೋಲುತ್ತವೆ.

ಇದಕ್ಕೂ ಹೊಟ್ಟೆಗೂ ಏನು ಸಂಬಂಧ? ಆಕಳು ಕಣ್ಣಿ ಹರಿದುಕೊಂಡು ಗೋವಿನಜೋಳದ ರಾಶಿಗೆ ಬಾಯಿ ಹಾಕಿತು ಅನ್ನಿ. ಮೇವು ಕರಗಿಸುವ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳ ಲೆಕ್ಕ ತಪ್ಪಿ ಹುಳಿ ಏರುತ್ತದೆ. ಬದುಕಿ ಉಳಿದರೂ ಮುಂದೆ ಗೊರಸಿನೊಳಗೆ ಬಾವು ಬಂದು ಕುಂಟಬಹುದು. ಕೆಟ್ಟದ್ದು ಹೊಟ್ಟೆ, ಕುಂಟಿದ್ದು ಕಾಲು. ಮನುಷ್ಯರ ಸಂಧಿವಾತ ಇದೇ ರೋಗವಲ್ಲ. ಆದರೆ ಹೊಟ್ಟೆಯ ಕೇಡು ದೂರದ ಅಂಗಕ್ಕೂ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ಕೊಟ್ಟಿಗೆಯೇ ಸಾಕ್ಷಿ.

ಆಯುರ್ವೇದದ 'ಮಾಧವನಿದಾನ' ಗ್ರಂಥ ಇಂಥ ಕೀಲುಬಾವನ್ನು 'ಆಮವಾತ' ಎಂದು ಕರೆಯಿತು. ಆಮ ಅಂದರೆ ಜೀರ್ಣವಾಗದೆ ಉಳಿದದ್ದು. ಇಂದಿನ ವಿಜ್ಞಾನವೂ ತನ್ನದೇ ದಾರಿಯಲ್ಲಿ ಕರುಳಿನ ಕಡೆ ತಿರುಗಿದೆ. 1940ರ ಸುಮಾರಿಗೆ ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆ ಸಲ್ಫಾಸಲಜೀನ್ ಎಂಬ ಮದ್ದು ತಂದರು. ಅದನ್ನು ಒಡೆದು ಕೆಲಸಕ್ಕೆ ಹಚ್ಚುವವು ನಮ್ಮ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೇ. 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಹೊಸದಾಗಿ ಸಂಧಿವಾತ ಬಂದು ಇನ್ನೂ ಮದ್ದು ಹಿಡಿಯದವರ ಪೈಕಿ ಶೇ. 75 ಮಂದಿಯ ಕರುಳಿನಲ್ಲಿ 'ಪ್ರಿವೊಟೆಲ್ಲಾ ಕೋಪ್ರಿ' ಎಂಬ ಜೀವಿ ಕಂಡರು. ಆರೋಗ್ಯವಂತರಲ್ಲಿ ಅದು ಶೇ. 21. ಆದರೆ ಕಾಳುಕಡಿ, ಸೊಪ್ಪು ಉಣ್ಣುವ ನಮ್ಮಂಥವರ ಹೊಟ್ಟೆಯಲ್ಲಿ ಈ ಬಳಗ ಹೇರಳ. ಎಲ್ಲರಿಗೂ ರೋಗವೇನೂ ಬಂದಿಲ್ಲವಲ್ಲ! ಆದ್ದರಿಂದ ಕರುಳು ಶುದ್ಧಮಾಡಿ ವಾಯು ಬಿಡಿಸುತ್ತೇನೆ ಎಂದು ದುಬಾರಿ ಪುಡಿ ಮಾರುವವರನ್ನು ನಂಬಬೇಡಿ.

ಒಂದು ಸಂಬಂಧ ಮಾತ್ರ ಖಚಿತ. ಶಿಗೆಲ್ಲಾ, ಸಾಲ್ಮೊನೆಲ್ಲಾ ಜೀವಿಗಳಿಂದ ಭೇದಿಯಾದ ಕೆಲವರಿಗೆ ಒಂದರಿಂದ ನಾಲ್ಕು ವಾರದಲ್ಲಿ ಮಣಕಾಲು, ಕಾಲಿನ ಹರಡು ಬಾತುಕೊಳ್ಳುತ್ತವೆ. ಮಳೆಗಾಲದಲ್ಲಿ ನೀರು ಕುದಿಸಿ ಕುಡಿದರೆ ಕೀಲಿಗೂ ರಕ್ಷಣೆ. ಇನ್ನು ನೋವಿನ ಗುಳಿಗೆ ದಿನಾ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಕೇಡು. ನೋವೇನೋ ಅಡಗುತ್ತದೆ, ಒಳಗೆ ಕೀಲು ಹಾಳಾಗುವುದು ನಿಲ್ಲುವುದಿಲ್ಲ.

ಬಾವು, ಬೆಳಗಿನ ಬಿಗಿತ ಎರಡು-ಮೂರು ವಾರವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ಮೊದಲ ತಿಂಗಳುಗಳ ಚಿಕಿತ್ಸೆಯೇ ಕೈ ಉಳಿಸುವುದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆ ವಾರಕ್ಕೊಮ್ಮೆ ಮಾತ್ರ. ದಿನಾ ತಿಂದರೆ ಪ್ರಾಣಕ್ಕೇ ಅಪಾಯ. ಓದಲು ಬಾರದ ಅವ್ವನಿಗೆ ಗುಳಿಗೆಯ ವಾರವನ್ನು ಮನೆಯವರೇ ನೆನಪಿಡಬೇಕು.

ಊಟದ ಮಾತು. ಗೋವಿನಜೋಳ, ಹತ್ತಿ ಹಬ್ಬಿದ ಮೇಲೆ ನಮ್ಮ ಹೊಲಗಳಲ್ಲಿ ಬಿಳಿಜೋಳ, ಅಕ್ಕಡಿ ಕಾಳು ಕಡಿಮೆಯಾದವು. ಮನೆಗೆಂದು ಅರ್ಧ ಎಕರೆಯಾದರೂ ಇವನ್ನು ಹಾಕಿಕೊಳ್ಳೋಣ. ಕಾಳು, ಸೊಪ್ಪಿನ ನಾರು ಕರುಳಿನ ಜೀವಿಗಳಿಗೆ ಆಹಾರ, ಭೂಮಿಗೆ ತಿಪ್ಪೆಗೊಬ್ಬರ ಇದ್ದಂಗ. ಇದು ಮದ್ದಲ್ಲ, ಮದ್ದಿನ ಜೊತೆಗಿನ ಆರೈಕೆ. ಗುಳಿಗೆ ಬಿಟ್ಟು ಬರೀ ಮಜ್ಜಿಗೆ ಕುಡಿದು ಕೂರಬಾರದು.

ನಿಮ್ಮ ಊರಲ್ಲಿ ಇದನ್ನು ಹೇಗೆ ನಿಭಾಯಿಸುತ್ತಾರೆ? ಬರೆಯಿರಿ. ಹೆಣ್ಣುಮಕ್ಕಳೇ ಬರೆದರೆ ಇನ್ನೂ ಒಳ್ಳೆಯದು.