ನೇತ್ರಾಣಿಯ ಕಡಲೂ ನಮ್ಮ ಕರ್ತವ್ಯವೂ

ರಜೆಯ ದಿನಗಳು ಸಮೀಪಿಸಿದಂತೆಲ್ಲ ನಮ್ಮ ಓಝರಿನ ಹೊಟೇಲುಗಳಲ್ಲಿಯೂ ಕಚೇರಿಗಳಲ್ಲಿಯೂ ಊರಿಗೆ ಹೋಗುವ ಮಾತು ಪ್ರಾರಂಭವಾಗುವುದು ರೂಢಿ. ಮೊದಲಾದರೆ ಆ ಮಾತು ಮನೆಯ ಹೆಂಚು, ತಂಗಿಯ ಮದುವೆ, ದೇವರ ಹರಕೆ ಇವುಗಳ ಸುತ್ತಲೇ ತಿರುಗುತ್ತಿತ್ತು. ಈಗ ಅದರೊಡನೆ ಹೊಸದೊಂದು ಹಂಬಲವೂ ಸೇರಿಕೊಂಡಿದೆ. ಪನವೇಲಿನಲ್ಲಿ ಮತ್ಸ್ಯಗಂಧಾ ರೈಲು ಹತ್ತಿದ ತರುಣರು ನೇರವಾಗಿ ಮನೆಗೆ ಹೋಗದೆ ಮುರ್ಡೇಶ್ವರದಲ್ಲಿ ಇಳಿದು, ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಬಯಸುತ್ತಾರೆ. ಅವರ ಮರಾಠಿ ಸಂಗಡಿಗರು ಇದೇ ಉದ್ದೇಶದಿಂದ ಮಾಲವಣ, ತಾರ್ಕರ್ಲಿಗಳಿಗೆ ಹೋಗುತ್ತಾರೆ. ದೂರದ ದ್ವೀಪಗಳಲ್ಲಿ ಜನರು ತಿಮಿಂಗಿಲಗಳ ಜೊತೆಯಲ್ಲಿ ಈಜುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ‘ನಮ್ಮ ಕಡಲಿನಲ್ಲಿ ಇದೇಕೆ ಆಗಬಾರದು?’ ಎಂದು ಕೇಳುವವರೂ ಇದ್ದಾರೆ.

ಈ ಹಂಬಲವನ್ನು ನಾವು ಹಳಿಯುವುದಿಲ್ಲ. ವರ್ಷವೆಲ್ಲ ಒಲೆಯ ಝಳದಲ್ಲಿ ನಿಂತವನು, ಲೆಕ್ಕದ ಪುಸ್ತಕದ ಮೇಲೆ ಬಗ್ಗಿ ಕುಳಿತವನು, ತನ್ನ ದುಡಿಮೆಯ ಹಣದಲ್ಲಿ ಎರಡು ಗಂಟೆ ಕಡಲಿನಲ್ಲಿ ತೇಲಿದರೆ ಅದನ್ನು ದುಂದುಗಾರಿಕೆಯೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹೇಗೆ ಹೋಗಬೇಕು, ಎಷ್ಟು ಜನ ಹೋಗಬೇಕು, ಯಾರ ಮುಂದಾಳುತನದಲ್ಲಿ ಹೋಗಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಹೋಗುವುದು ಸರಿಯಲ್ಲ. ಅವುಗಳನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿಗೆ ಸೇರಿದ, ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಕಡಿದಾದ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಸುತ್ತಲಿನ ನೀರಿನಲ್ಲಿ ಹವಳವಿದೆ, ಹವಳವನ್ನು ಆಶ್ರಯಿಸಿದ ಬಣ್ಣಬಣ್ಣದ ಮೀನುಗಳಿವೆ, ಆಮೆಗಳಿವೆ. ಒಂದು ಕಾಲಕ್ಕೆ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿದ್ದ ಈ ದ್ವೀಪಕ್ಕೆ ಇಂದು ಪ್ರವಾಸಿಗರು ಬರುತ್ತಾರೆ. ಕೆಲವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಆಳಕ್ಕೆ ಇಳಿಯುತ್ತಾರೆ. ಉಳಿದವರು ಕಣ್ಣಿಗೆ ಗಾಜಿನ ಮುಸುಕು ಧರಿಸಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆಯೇ ತೇಲುತ್ತ ಕೆಳಗಿನ ಲೋಕವನ್ನು ನೋಡುತ್ತಾರೆ. ಇದಕ್ಕೇ ಸ್ನಾರ್ಕೆಲಿಂಗ್ ಎಂಬ ಹೆಸರು.

ಇಲ್ಲಿ ತಿಮಿಂಗಿಲ ಕಾಣುವುದೇ ಎಂಬುದು ಎಲ್ಲರ ಪ್ರಶ್ನೆ. ತಿಮಿಂಗಿಲವೆಂಬ ಒಂದೇ ಹೆಸರಿನಲ್ಲಿ ಜನ ಎರಡು ಬೇರೆ ಪ್ರಾಣಿಗಳನ್ನು ಕರೆಯುವುದುಂಟು. ನಿಜವಾದ ತಿಮಿಂಗಿಲವು ಮೀನಲ್ಲ. ಅದು ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಮೊಲೆಯುಣಿಸುತ್ತದೆ. ತಿಮಿಂಗಿಲ ಶಾರ್ಕ್ ಎಂಬುದು ಮೀನು. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. ಗಾತ್ರ ಎಷ್ಟಿದ್ದರೂ ಅದು ನೀರನ್ನು ಸೋಸಿ ಸಣ್ಣ ಸಣ್ಣ ಜೀವಿಗಳನ್ನು ತಿಂದು ಬದುಕುವ ಸಾಧುಪ್ರಾಣಿ. ನಮ್ಮ ಪಶ್ಚಿಮ ತೀರದಲ್ಲಿ ಇವೆರಡೂ ಇವೆ. ಆದರೆ ಯಾವುದೂ ಹೇಳಿದ ಹೊತ್ತಿಗೆ ಬಂದು ದರ್ಶನ ಕೊಡುವುದಿಲ್ಲ. ತಿಮಿಂಗಿಲವನ್ನು ತೋರಿಸಿಯೇ ತೋರಿಸುತ್ತೇವೆಂದು ಯಾರಾದರೂ ಮುಂಗಡ ಕಟ್ಟಿಸಿಕೊಂಡರೆ, ಅಡಿಗೆಮನೆಯಲ್ಲಿ ಇಲ್ಲದ ತಿಂಡಿಯನ್ನು ಹೊರಗಿನ ಬೋರ್ಡಿನಲ್ಲಿ ಬರೆದ ಹೊಟೇಲಿಗೂ ಅವರಿಗೂ ಭೇದವಿಲ್ಲವೆಂದು ತಿಳಿಯತಕ್ಕದ್ದು.

ತಿಮಿಂಗಿಲಗಳ ಸಂಗಡ ಈಜುವುದನ್ನು ಒಂದು ಉದ್ಯೋಗವಾಗಿ ನಡೆಸುವ ದೇಶಗಳಲ್ಲಿ ಪೆಸಿಫಿಕ್ ಸಾಗರದ ಟೊಂಗಾ ಮುಖ್ಯವಾದುದು. ಅಲ್ಲಿಯ ಅರಸರು 1978ರಲ್ಲಿ ತಿಮಿಂಗಿಲದ ಬೇಟೆಯನ್ನೇ ನಿಷೇಧಿಸಿದರು. ಪ್ರತಿ ವರ್ಷ ಜುಲೈಯಿಂದ ಅಕ್ಟೋಬರ್‌ವರೆಗೆ ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲಗಳು ದಕ್ಷಿಣ ಧ್ರುವದ ಕಡೆಯ ತಣ್ಣೀರಿನಿಂದ ಸಾವಿರಾರು ಮೈಲಿ ಈಜಿ ಬಂದು ಆ ಬೆಚ್ಚಗಿನ ನೀರಿನಲ್ಲಿ ಮರಿಹಾಕುತ್ತವೆ. ಆ ತಿಂಗಳುಗಳಲ್ಲಿ ತಾಯಿಗೆ ಆಹಾರ ಇಲ್ಲವೆಂದೇ ಹೇಳಬೇಕು. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ ಅದು ಮರಿಗೆ ಹಾಲೂಡುತ್ತದೆ. ಇಂಥ ಬಾಣಂತಿಯನ್ನು ಹತ್ತು ದೋಣಿಗಳು ಬೆನ್ನಟ್ಟಿದರೆ ಏನಾದೀತು? ಓಡಿದಷ್ಟೂ ಕೊಬ್ಬು ಕರಗುವುದು. ಮರಿಯ ಪಾಲಿನ ಹಾಲಿಗೆ ಕೊರತೆ ಬೀಳುವುದು. ಆದಕಾರಣವೇ ಅಲ್ಲಿ ಒಮ್ಮೆಗೆ ನಾಲ್ವರು ಈಜುಗಾರರೂ ಒಬ್ಬ ಮಾರ್ಗದರ್ಶಿಯೂ ಮಾತ್ರ ನೀರಿಗೆ ಇಳಿಯಬೇಕೆಂಬ ಕಟ್ಟಳೆಯಿದೆ. ಸಣ್ಣ ಗುಂಪು ಎಂಬುದು ಅಲ್ಲಿ ಹಣವಂತರ ಶೋಕಿಯಲ್ಲ. ತಾಯಿಮರಿಗಳ ಬದುಕಿಗೆ ಹಾಕಿದ ಬೇಲಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಫಿಲಿಪ್ಪೀನ್ಸ್ ದೇಶದ ಓಸ್ಲೋಬ್ ಎಂಬ ಊರಿನದು. ಅಲ್ಲಿ 2011ರಿಂದ ಬೆಸ್ತರು ತಿಮಿಂಗಿಲ ಶಾರ್ಕುಗಳಿಗೆ ಸಣ್ಣ ಸಿಗಡಿಯನ್ನು ಕೈಯಾರೆ ಹಾಕಿ ದಡದ ಬಳಿಯಲ್ಲಿಯೇ ನಿಲ್ಲಿಸಿಕೊಳ್ಳುವ ಪದ್ಧತಿ ಬೆಳೆಯಿತು. ಜನಜಂಗುಳಿ ಸೇರಿತು, ಊರಿಗೆ ಹಣವೂ ಬಂತು. ಆದರೆ ದೇಶಾಂತರ ತಿರುಗಬೇಕಾದ ಮೀನುಗಳು ಊಟದ ಆಸೆಗೆ ಅಲ್ಲಿಯೇ ತಂಗತೊಡಗಿದವು. ದೋಣಿಯೆಂದರೆ ಅನ್ನವೆಂದು ಭಾವಿಸಿ ದೋಣಿಗಳ ಬಳಿಗೇ ಬಂದು ಮೈಗೆ ಗಾಯ ಮಾಡಿಕೊಂಡವು. ಬಡ ಬೆಸ್ತರನ್ನು ನಾವು ದೂರಲಾರೆವು. ಹೊಟ್ಟೆಯ ಪಾಡು ಏನೆಂಬುದನ್ನು ನಾವು ಬಲ್ಲೆವು. ಆದರೂ ಮೊದಲೇ ಮಿತಿ ಹಾಕದೆ ಹೋದರೆ, ಸಂಪಾದನೆಯ ರುಚಿ ಹತ್ತಿದ ಮೇಲೆ ಮಿತಿ ಹಾಕುವುದು ಎಷ್ಟು ಕಷ್ಟವೆಂಬುದಕ್ಕೆ ಆ ಊರೇ ಸಾಕ್ಷಿಯಾಗಿದೆ.

ಇನ್ನು ನಮ್ಮ ಅರಬ್ಬಿ ಸಮುದ್ರದ ಸಂಗತಿ. ಇಲ್ಲಿಯ ಹಂಪ್‌ಬ್ಯಾಕ್ ತಿಮಿಂಗಿಲಗಳು ಟೊಂಗಾದವುಗಳಂತೆ ಧ್ರುವಪ್ರದೇಶಕ್ಕೆ ಹೋಗಿಬರುವುದಿಲ್ಲ. ವರ್ಷವಿಡೀ ಈ ಸಮುದ್ರದಲ್ಲಿಯೇ ಇರುತ್ತವೆ. ನಮ್ಮ ಓಝರಿನಲ್ಲಿ ಸೋವಿಯತ್ ನೆರವಿನಿಂದ ಮಿಗ್ ವಿಮಾನಗಳ ಕಾರ್ಖಾನೆ ತಲೆಯೆತ್ತುತ್ತಿದ್ದ ವರ್ಷಗಳಲ್ಲಿಯೇ, ಅದೇ ದೇಶದ ಬೇಟೆಹಡಗುಗಳು ಅಂತರರಾಷ್ಟ್ರೀಯ ನಿಯಮಗಳನ್ನು ಮೀರಿ ಈ ಸಮುದ್ರದಲ್ಲಿ 242 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಕೊಂದ ವೃತ್ತಾಂತವು ದಶಕಗಳ ತರುವಾಯ ಬೆಳಕಿಗೆ ಬಂತು. ಇಂದು ಒಮಾನಿನ ತೀರದಲ್ಲಿ ಇವುಗಳ ಸಂಖ್ಯೆ ನೂರಕ್ಕೂ ಕಡಿಮೆಯೆಂದು ತಜ್ಞರ ಅಂದಾಜು. 2017ರಲ್ಲಿ ಅಲ್ಲಿಯ ವಿಜ್ಞಾನಿಗಳು ಲುಬಾನ್ ಎಂದು ಹೆಸರಿಟ್ಟ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಮೂಲಕ ಜಾಡು ತಿಳಿಸುವ ಗುರುತನ್ನು ಹಚ್ಚಿದರು. ಅದು ಸಮುದ್ರವನ್ನೇ ದಾಟಿ ಗೋವೆಯ ಕಡೆಯ ನಮ್ಮ ನೀರಿಗೆ ಬಂತು. ಹೊಟ್ಟೆಪಾಡಿಗಾಗಿ ಗಡಿ ದಾಟಿ ಬಂದ ನಮಗೆ ಆ ಪ್ರಾಣಿಯ ಪ್ರಯಾಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಷ್ಟು ಅಲ್ಪಸಂಖ್ಯೆಯಲ್ಲಿ ಉಳಿದಿರುವ ಜೀವಗಳನ್ನು ಹುಡುಕಿಕೊಂಡು ಹೋಗಿ ಅವುಗಳ ನಡುವೆ ಧುಮುಕುವ ಹವ್ಯಾಸವು ನಮ್ಮ ತೀರಕ್ಕೆ ಬಾರದಿರುವುದೇ ಲೇಸು. ತಾನಾಗಿ ಕಂಡರೆ ದೋಣಿಯ ಯಂತ್ರವನ್ನು ತಗ್ಗಿಸಿ, ದೂರದಿಂದಲೇ ನೋಡಿ ಕೈಮುಗಿದು ಬರಬೇಕು.

ಹೀಗೆ ಮಾಡಲು ನಮ್ಮ ಜನರಿಂದ ಆಗದು ಎನ್ನುವವರು ಗುಜರಾತಿನ ವೆರಾವಳದ ಕಡೆ ನೋಡಲಿ. ಅಲ್ಲಿ ಒಂದು ಕಾಲಕ್ಕೆ ಯಕೃತ್ತಿನ ಎಣ್ಣೆಗಾಗಿಯೂ ಮಾಂಸಕ್ಕಾಗಿಯೂ ತಿಮಿಂಗಿಲ ಶಾರ್ಕುಗಳನ್ನು ಕೊಲ್ಲುತ್ತಿದ್ದರು. 2001ರಲ್ಲಿ ಕೇಂದ್ರ ಸರಕಾರವು ಆ ಮೀನನ್ನು ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು. ಆದರೆ ಬರಿಯ ಕಾಯಿದೆಯಿಂದ ಬಲೆ ಸಡಿಲವಾಗಲಿಲ್ಲ. 2004ರಲ್ಲಿ ಪ್ರಾರಂಭವಾದ ಪ್ರಚಾರಕಾರ್ಯದಲ್ಲಿ ಕಥಾಕಾರರಾದ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೋಲಿಸಿದರು. ‘ವ್ಹಾಲಿ’ ಎಂದರೆ ಪ್ರೀತಿಯವಳು ಎಂಬ ಹೆಸರು ಅದಕ್ಕೆ ಬಂತು. ಬಲೆಗೆ ಸಿಕ್ಕಿದ ಶಾರ್ಕನ್ನು ಬಿಡಿಸುವುದಕ್ಕಾಗಿ ತನ್ನ ಬಲೆಯನ್ನೇ ಕತ್ತರಿಸಿದ ಬೆಸ್ತನಿಗೆ ನಷ್ಟಪರಿಹಾರ ಕೊಡುವ ಏರ್ಪಾಡೂ ಆಯಿತು. ಕೊಲ್ಲುತ್ತಿದ್ದ ಕೈಗಳೇ ನೂರಾರು ಶಾರ್ಕುಗಳನ್ನು ಬಿಡಿಸಿ ಕಡಲಿಗೆ ಬಿಟ್ಟವು. ಹೃದಯಕ್ಕೆ ಒಂದು ಮಾತು, ಹೊಟ್ಟೆಗೆ ಒಂದು ದಾರಿ, ಇವೆರಡೂ ಸೇರಿದ್ದರಿಂದಲೇ ಆ ಕಾರ್ಯ ಕೈಗೂಡಿತೆಂಬುದನ್ನು ಗಮನಿಸಬೇಕು.

ನೇತ್ರಾಣಿಗೂ ಇದೇ ನೀತಿ ಅನ್ವಯಿಸತಕ್ಕದ್ದು. ಹವಳವು ಕಲ್ಲಿನಂತೆ ಕಂಡರೂ ಕಲ್ಲಲ್ಲ. ಸಣ್ಣ ಜೀವಿಗಳು ಬಹು ನಿಧಾನವಾಗಿ ಕಟ್ಟುವ ಮನೆ. ಒಬ್ಬನು ದಣಿದು ಅದರ ಮೇಲೆ ಕಾಲೂರಿದರೆ, ಒಂದು ದೋಣಿಯವರು ಅದರ ಮೇಲೆ ಲಂಗರು ಬಿಟ್ಟರೆ, ಎಷ್ಟೋ ವರ್ಷಗಳ ಕಟ್ಟಡ ಕ್ಷಣದಲ್ಲಿ ಮುರಿಯುವುದು. ನಲವತ್ತು ಜನರ ಪಂಕ್ತಿಗೆ ಅಟ್ಟ ಅಡಿಗೆಯನ್ನು ನಾನೂರು ಜನರಿಗೆ ಬಡಿಸಹೊರಟರೆ ಉಂಡವನಿಗೂ ತೃಪ್ತಿಯಿಲ್ಲ, ಬಡಿಸಿದವನಿಗೂ ಮಾನವಿಲ್ಲ. ಹೊಟೇಲಿನಲ್ಲಿ ದುಡಿಯುವ ನಮಗೆ ಈ ಮಾತನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಜೀವರಕ್ಷಣೆಯ ವಿಷಯವು ಇದಕ್ಕಿಂತಲೂ ಮಿಗಿಲಾದುದು. 2022ರ ಮೇ ತಿಂಗಳಿನಲ್ಲಿ ತಾರ್ಕರ್ಲಿಯಲ್ಲಿ ನೀರಿನಾಟ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿ ಮುಳುಗಿ ಇಬ್ಬರು ಪ್ರವಾಸಿಗರು ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ದಡದಲ್ಲಿಯೇ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಮಕ್ಕಳ ತಂದೆತಾಯಿಗಳ ದುಃಖಕ್ಕೆ ಸಮಾಧಾನ ಹೇಳಲು ಯಾವ ಲೇಖನಿಗೂ ಶಕ್ತಿಯಿಲ್ಲ. ಕಡಲಿಗೆ ನಮ್ಮ ರಜೆಯ ಲೆಕ್ಕ ತಿಳಿಯದು. ನಾಳೆಯೇ ಡ್ಯೂಟಿಗೆ ಹಾಜರಾಗಬೇಕೆಂದು ಅವಸರಪಟ್ಟು, ಬೇಡವೆಂದ ದೋಣಿಯವನನ್ನು ಹೆಚ್ಚಿನ ಹಣದಿಂದ ಒಪ್ಪಿಸಿ ಹೊರಡುವವರು ತಮ್ಮ ಪ್ರಾಣದ ಜೊತೆಗೆ ಅವನ ಪ್ರಾಣವನ್ನೂ ಪಣಕ್ಕೆ ಒಡ್ಡುತ್ತಾರೆ.

ಇನ್ನೊಂದು ಸಂಗತಿಯು ನಮಗೆ ತೀರ ಹತ್ತಿರದ್ದು. ಆ ಕಡಲಿನ ಮೊದಲ ಹಕ್ಕುದಾರರು ಮೊಗೇರ, ಹರಿಕಾಂತ, ಖಾರ್ವಿ ಮೊದಲಾದ ಬೆಸ್ತ ಕುಟುಂಬಗಳು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಅನೇಕ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟ. ಉಳಿದ ತಿಂಗಳುಗಳಲ್ಲಿಯೂ ಬಲೆಗೆ ಬೀಳುವ ಮೀನಿನ ಭರವಸೆಯಿಲ್ಲ. ನಮ್ಮ ಕರಾವಳಿಯ ಹುಡುಗರು ಎಳೆಯ ವಯಸ್ಸಿನಲ್ಲಿಯೇ ಮುಂಬಯಿ, ನಾಸಿಕ, ಓಝರುಗಳಿಗೆ ಬಂದು ಲೋಟ ತೊಳೆದು ಮೇಲೆ ಬಂದ ಚರಿತ್ರೆ ನಮ್ಮೆಲ್ಲರದು. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಮುಂದಿನ ಹುಡುಗನಿಗೆ ಊರಿನಲ್ಲಿಯೇ ಗೌರವದ ದುಡಿಮೆ ಸಿಗುವುದಾದರೆ ಅದು ಸಿಗಲಿ ಎಂದು ಹಾರೈಸಬೇಕಾದವರೂ ನಾವೇ. ನೀರಿನ ಸೆಳೆತವನ್ನೂ ಗಾಳಿಯ ತಿರುವನ್ನೂ ಹುಟ್ಟಿನಿಂದ ಬಲ್ಲ ಆ ಮಕ್ಕಳು ದ್ವೀಪದ ಮಾರ್ಗದರ್ಶಿಗಳಾಗಬೇಕೇ, ಅಥವಾ ಹೊರಗಿನ ಬಂಡವಾಳದವರ ದೋಣಿಯಲ್ಲಿ ಚೀಲ ಹೊರುವ ಕೂಲಿಗಳಾಗಬೇಕೇ? ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದಲ್ಲಿ, ಆ ಮಿತಿಯೊಳಗಿನ ಸಂಪಾದನೆ ಯಾರ ಮನೆಗೆ ಸೇರುವುದೆಂಬುದನ್ನೂ ಅಂದೇ ನಿಶ್ಚಯಿಸಬೇಕು.

ಆದುದರಿಂದ ಜಿಲ್ಲಾಡಳಿತವನ್ನೂ ಪ್ರವಾಸೋದ್ಯಮ ಇಲಾಖೆಯನ್ನೂ ನಾವು ಒತ್ತಾಯಪಡಿಸುವುದಿಷ್ಟು. ನೇತ್ರಾಣಿಗೆ ದಿನವೊಂದಕ್ಕೆ ಹೋಗಬಹುದಾದ ಜನರ ಸಂಖ್ಯೆಯನ್ನೂ, ಒಬ್ಬ ಮಾರ್ಗದರ್ಶಿಯ ಸಂಗಡ ನೀರಿಗೆ ಇಳಿಯಬಹುದಾದವರ ಸಂಖ್ಯೆಯನ್ನೂ ಗೊತ್ತುಪಡಿಸಿ ದಡದಲ್ಲಿ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆದು ಹಾಕಬೇಕು. ಹವಳದ ಮೇಲೆ ಲಂಗರು ಬೀಳದಂತೆ ದೋಣಿ ಕಟ್ಟುವ ತೇಲುಬುರುಡೆಗಳನ್ನು ಇಡಿಸಬೇಕು. ಪರವಾನಗಿಯಲ್ಲಿ ಬೆಸ್ತರ ಸಹಕಾರಿ ಸಂಘಗಳಿಗೆ ಮೊದಲ ಪಾಲು ಕೊಡಬೇಕು. ಅವರ ಮಕ್ಕಳಿಗೆ ಸರಕಾರದ ಖರ್ಚಿನಲ್ಲಿ ತರಬೇತಿಯಾಗಬೇಕು.

ಊರಿಗೆ ಹೊರಟ ನಮ್ಮ ವಾಚಕ ಬಂಧುಗಳಿಗೂ ಒಂದು ಬಿನ್ನಹವಿದೆ. ಹಣ ಕೊಡುವ ಮೊದಲು ದೋಣಿಯ ಪರವಾನಗಿಯನ್ನು ಕೇಳಿ ನೋಡಿರಿ. ತೇಲುಕವಚವಿಲ್ಲದ ದೋಣಿಯನ್ನು ಹತ್ತಬೇಡಿರಿ. ಹೃದಯದ ಅಥವಾ ಉಸಿರಿನ ಕಾಯಿಲೆಯಿದ್ದರೆ ಮುಚ್ಚಿಡಬೇಡಿರಿ. ಮೀನಿಗೆ ತಿಂಡಿ ಹಾಕುವುದೂ, ಆಮೆಯನ್ನು ಮುಟ್ಟುವುದೂ, ಹವಳದ ತುಂಡನ್ನು ಜೇಬಿಗಿಳಿಸುವುದೂ ಕೂಡದು. ದೋಣಿಯವರು ಇಂದು ಬೇಡವೆಂದರೆ ದೇವಸ್ಥಾನದ ದರ್ಶನ ಮಾಡಿಕೊಂಡು ಮನೆಗೆ ನಡೆಯಿರಿ. ಅಲ್ಲಿ ನಿಮ್ಮನ್ನು ಕಾಯುತ್ತಿರುವವರಿದ್ದಾರೆ. ದ್ವೀಪವನ್ನು ನಾವು ಜೋಪಾನ ಮಾಡಿದಲ್ಲಿ ಅದು ಬರುವ ವರ್ಷವೂ ಅಲ್ಲಿಯೇ ಇರುವುದು.