ಸರದಿಯಲ್ಲಿ ಮೊದಲಿಗರಾರು?

ಸಿನ್ನರ್ ತಾಲ್ಲೂಕಿನ ಗುಳವಂಚದ ಬಳಿಯ 1,350 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಕಂಪನಿಯು 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದಾಗ, ಅದು ದೊಡ್ಡವರ ವ್ಯವಹಾರವೆಂದು ಪತ್ರಿಕೆಯನ್ನು ಮಡಚಿಟ್ಟವರು ನಮ್ಮಲ್ಲಿ ಬಹುಮಂದಿ ಇರಬಹುದು. ಆದರೆ ಮಾಳೇಗಾಂವ್, ಮುಸಳಗಾಂವ್‌ಗಳ ಔದ್ಯೋಗಿಕ ವಸಾಹತುಗಳಲ್ಲಿ ದುಡಿಯುವ, ಅಥವಾ ಅಲ್ಲಿ ಒಂದೆರಡು ಲೇತ್ ಯಂತ್ರಗಳನ್ನಿಟ್ಟುಕೊಂಡು ಬದುಕು ಕಟ್ಟಿಕೊಂಡ ಕನ್ನಡಿಗನಿಗೆ ಆ ವಾರ್ತೆಯ ಹಿಂದಿನ ಪ್ರಶ್ನೆ ತೀರ ಹತ್ತಿರದ್ದು. ಕಾರ್ಖಾನೆಗೆ ಬೀಗ ಬಿದ್ದ ದಿನ ಉಳಿದ ಆಸ್ತಿಯ ಮುಂದೆ ಬ್ಯಾಂಕು, ತೆರಿಗೆ ಇಲಾಖೆ, ಕಾರ್ಮಿಕ, ಸರಕು ಪೂರೈಸಿದವ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಅವರಲ್ಲಿ ಮೊದಲು ಪಡೆಯುವ ಹಕ್ಕು ಯಾರದು?

ಹಳೆಯ ನಿಯಮ ಸರಳವಾದುದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 48ನೆಯ ಕಲಮಿನಂತೆ, ಒಂದೇ ಸ್ವತ್ತಿನ ಮೇಲೆ ಮೊದಲು ಹುಟ್ಟಿದ ಹಕ್ಕಿಗೆ ಮೊದಲ ಸ್ಥಾನ. ಈ ಸರಳತೆಯನ್ನು ಕದಡಿದ್ದು ಶಾಸನಗಳು. ನಮ್ಮ ರಾಜ್ಯದಿಂದಲೇ ಹೋದ ದೇನಾ ಬ್ಯಾಂಕ್ ಪ್ರಕರಣದಲ್ಲಿ (2000) ಸರ್ವೋಚ್ಚ ನ್ಯಾಯಾಲಯವು, ಸರ್ಕಾರದ ಬಾಕಿಗೆ ಭದ್ರತೆಯಿಲ್ಲದ ಸಾಲಗಾರರ ಮೇಲಷ್ಟೇ ಸಹಜವಾದ ಮೇಲುಗೈಯುಂಟು, ಅಡಮಾನ ಪಡೆದವರ ಮೇಲಿಲ್ಲ ಎಂದಿತು; ಎಂದರೂ ಕರ್ನಾಟಕ ಭೂಕಂದಾಯ ಕಾಯಿದೆಯ 158ನೆಯ ಕಲಮು ಅಡಮಾನವನ್ನೂ ಹಿಂದಿಕ್ಕುವುದರಿಂದ ಗೆಲುವು ರಾಜ್ಯದ್ದೇ ಆಯಿತು. 2009ರಲ್ಲಿ ಕೇರಳ ಮತ್ತು ಮುಂಬಯಿ ಮಾರಾಟ ತೆರಿಗೆ ಕಾಯಿದೆಗಳ ವಿಷಯದಲ್ಲೂ ಹೀಗೆಯೇ ತೀರ್ಪಾಯಿತು. ಆಗ ಬ್ಯಾಂಕುಗಳ ಕೂಗು ಸಂಸತ್ತನ್ನು ಮುಟ್ಟಿತು. 2016ರ ತಿದ್ದುಪಡಿಯು ಸರ್ಫೇಸಿ ಕಾಯಿದೆಗೆ 26ಇ ಎಂಬ ಕಲಮನ್ನು ಸೇರಿಸಿತು. ಅದು ಜಾರಿಗೆ ಬಂದದ್ದು 2020ರ ಜನವರಿ 24ರಂದು. ಕೇಂದ್ರ ನೋಂದಣಿಯಲ್ಲಿ ದಾಖಲಾದ ಭದ್ರತೆಯುಳ್ಳ ಸಾಲಕ್ಕೆ ಬೇರೆಲ್ಲ ಸಾಲಗಳಿಗಿಂತ, ಸರ್ಕಾರದ ತೆರಿಗೆಗಳಿಗಿಂತ ಮೊದಲ ಪಾವತಿ ಎಂಬುದು ಅದರ ಸಾರ. ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2022ರಲ್ಲಿ ಜಳಗಾಂವ್ ಜನತಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು.

ಕೇಂದ್ರ ಸರ್ಕಾರದ ಅಧಿಕಾರಿಯಾಗಿದ್ದರೂ ಖಜಾನೆ ಹಿಂದೆ ಸರಿದದ್ದಕ್ಕೆ ನನಗೆ ಖೇದವಿಲ್ಲ. ತೆರಿಗೆಯ ಬಾಕಿ ಎಷ್ಟೆಂದು ಸಾಲ ಕೊಡುವವನಿಗೆ ತಿಳಿಯುವ ದಾರಿ ಕಡಿಮೆ. ಕಣ್ಣಿಗೆ ಕಾಣದ ಋಣಭಾರವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ನನ್ನ ಆತಂಕವಿರುವುದು ಆ ಕಲಮಿನ ‘ಬೇರೆಲ್ಲ ಸಾಲಗಳು’ ಎಂಬ ಮಾತಿನಲ್ಲಿ. ಅದರೊಳಗೆ ಕಾರ್ಮಿಕನ ಭವಿಷ್ಯನಿಧಿಯೂ ಅಡಗಿದೆಯೆಂದು ನಾಳೆ ಯಾರಾದರೂ ವಾದಿಸಬಹುದು.

ಇಲ್ಲಿ ನೆರೆಯ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಒಂದು ಪ್ರಕರಣವನ್ನು ನೆನೆಯಬೇಕು. ಆ ಜಿಲ್ಲೆಯಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲ್ಲೂಕಿದೆ. ಊರಿನ ಫಲಕ ಕಂಡು ಮುಗುಳ್ನಗದ ಕನ್ನಡಿಗನಿರಲಾರ. ಅಲ್ಲಿನ ಮತ್ತು ಗಂಗಾಪುರದ ಸಹಕಾರಿ ಸಕ್ಕರೆ ಕಾರ್ಖಾನೆಗಳು ಸಕ್ಕರೆಯ ಮೂಟೆಗಳನ್ನು ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ಪಡೆದಿದ್ದವು. ಭವಿಷ್ಯನಿಧಿಯ ಬಾಕಿಗಾಗಿ ಅಧಿಕಾರಿಗಳು ಅದೇ ಮೂಟೆಗಳತ್ತ ಕೈಚಾಚಿದರು. ಸರಕು ತನ್ನ ಹಿಡಿತದಲ್ಲಿದೆ, ಅದರ ಮೇಲೆ ಬೇರೆಯವರಿಗೆ ಹಕ್ಕಿಲ್ಲ ಎಂದು ಬ್ಯಾಂಕು ವಾದಿಸಿತು. 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಒತ್ತೆಯಿಟ್ಟ ಮಾತ್ರಕ್ಕೆ ಸರಕಿನ ಒಡೆತನ ಕಾರ್ಖಾನೆಯಿಂದ ಕಳಚಿಹೋಗದು. 1952ರ ಕಾಯಿದೆಯ 11(2)ನೆಯ ಕಲಮು ಭವಿಷ್ಯನಿಧಿಯ ಬಾಕಿಯನ್ನು ಸಂಸ್ಥೆಯ ಆಸ್ತಿಯ ಮೇಲಿನ ಮೊದಲ ಋಣಭಾರವೆನ್ನುತ್ತದೆ. ಆದ್ದರಿಂದ ಬ್ಯಾಂಕು ಹಿಂದೆ ನಿಲ್ಲಬೇಕು ಎಂದಿತು.

ಬ್ಯಾಂಕಿನ ಹಣವೂ ಬಡ ಠೇವಣಿದಾರರದೇ ಅಲ್ಲವೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ; ಸಹಕಾರಿ ಬ್ಯಾಂಕುಗಳು ಮುಳುಗಿದಾಗ ನಮ್ಮವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಬ್ಯಾಂಕು ಸಾಲ ನೀಡುವ ಮುನ್ನ ಭವಿಷ್ಯನಿಧಿಯ ಚಲನ್‌ಗಳನ್ನು ತರಿಸಿ ನೋಡಬಲ್ಲದು, ಬಾಕಿಯಿದ್ದರೆ ಸಾಲ ನಿರಾಕರಿಸಬಲ್ಲದು. ಪಾಳಿಯ ಕೆಲಸಗಾರನು ಮಾಲೀಕನ ಅಡಮಾನ ಪತ್ರ ನೋಡಿ ನೌಕರಿಗೆ ಸೇರುವುದಿಲ್ಲ. ಅಲ್ಲದೆ ಭವಿಷ್ಯನಿಧಿಯ ಒಂದು ಪಾಲು ಅವನ ಸಂಬಳದಿಂದಲೇ ಕಡಿದದ್ದು. ಅದನ್ನು ಮಾಲೀಕನು ಮಾಡಿದ ಸಾಲವೆನ್ನುವುದೇ ಅಪಚಾರ. 2016ರ ದಿವಾಳಿ ಸಂಹಿತೆಯು ತನ್ನ 36ನೆಯ ಕಲಮಿನಲ್ಲಿ ಭವಿಷ್ಯನಿಧಿ, ಪಿಂಚಣಿ, ಉಪದಾನ ನಿಧಿಗಳನ್ನು ಹಂಚಿಕೆಯ ಆಸ್ತಿಯಿಂದಲೇ ಹೊರಗಿಟ್ಟಿದೆ. 26ಇ ಕಲಮಿನಲ್ಲೂ ಅಷ್ಟೇ ಸ್ಪಷ್ಟವಾದ ಒಂದು ಸಾಲನ್ನು ಸಂಸತ್ತು ಬರೆಯಬೇಕು.

ಇನ್ನು ಸರಕು ಪೂರೈಸಿದವನ ಪಾಡು. ದಿವಾಳಿ ಸಂಹಿತೆಯ 53ನೆಯ ಕಲಮಿನ ಪಟ್ಟಿಯಲ್ಲಿ ಭದ್ರತೆಯುಳ್ಳ ಸಾಲಗಾರರೂ 24 ತಿಂಗಳ ಕೂಲಿ ಬಾಕಿಯ ಕಾರ್ಮಿಕರೂ ಸಮಸಮ ನಿಲ್ಲುತ್ತಾರೆ. ಲಾರಿಯವನು, ಬಿಡಿಭಾಗ ಮಾಡಿಕೊಟ್ಟವನು ಸರ್ಕಾರಕ್ಕಿಂತಲೂ ಕೆಳಗೆ, ‘ಉಳಿದ ಸಾಲಗಳು’ ಎಂಬಲ್ಲಿ. ಅಲ್ಲಿಯವರೆಗೆ ಹಣ ಹರಿದುಬರುವುದು ಅಪರೂಪ. ಮುಸಳಗಾಂವಿನ ಲೇತ್‌ನವನಿಗೆ 1872ರ ಕರಾರು ಕಾಯಿದೆಯ 170ನೆಯ ಕಲಮು ಕೊಟ್ಟಿರುವ ಬಲ ಬೇರೆ ಬಗೆಯದು. ತನ್ನ ಕೈಕೆಲಸ ಸೇರಿದ ಸರಕನ್ನು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಕೂಲಿ ಸಂದಾಯವಾಗುವ ತನಕ ಅವನು ತಡೆಹಿಡಿಯಬಹುದು. ಆದರೆ ಸರಕು ಅವನ ಬಾಗಿಲು ದಾಟಿ ಟೆಂಪೋ ಏರಿದೊಡನೆ ಆ ಹಕ್ಕು ತೀರಿತು. ಮೂರು ತಿಂಗಳ ಉದ್ದರಿಗೆ ಒಪ್ಪಿದವನಿಗೆ ಅದು ಮೊದಲೇ ಇಲ್ಲ.